ಹೊನ್ನಾವರಿಕೆಗೆ ಹಾಕಿದ ನೀರು

ನಮ್ಮ ಕಡೆಯವರಿಗೆ ಹಸಿರು ಕಂಡರೆ ನೀರು ಬಿಡುವ ಚಟ. ನೆನೆಸಿಕೊಂಡರೇ ಹೇಸಿಗೆಯಾಗುತ್ತದೆ. ಕಬ್ಬು ಬೆಳೆದು ಬೆಳೆದು ತಲೆಯಲ್ಲೂ ಕಾಲುವೆ ಹರಿಯುತ್ತಿದೆ. ಹುನ್ನೂರಿನ ನಮ್ಮ ಹೊಲದ ಬದುವಿನ ತುಂಬ ಹೊನ್ನಾವರಿಕೆ ಗಿಡಗಳಿದ್ದವು. ಮಳೆ ಬರಲಿ ಬಿಡಲಿ, ಹಳದಿ ಹೂ ತುಂಬಿಕೊಂಡು ನಿಂತಿರುತ್ತಿದ್ದವು. ಇನ್ನೆರಡು ಸಾಲು ಕಬ್ಬಿನ ಆಸೆಗೆ ತಮ್ಮ ಜೆಸಿಬಿ ತರಿಸಿ ಬದುವನ್ನೇ ಬೋಳಿಸಿಬಿಟ್ಟ.

ಜಮಖಂಡಿಯಲ್ಲಿ ನನ್ನ ಜೊತೆಗಿರುವ ಅವ್ವನಿಗೆ ಅದೇ ಕೊರಗು. ದೀಪಾವಳಿಯ ಪಾಡ್ಯದಂದು ಬಾಗಿಲಲ್ಲಿ ಸಗಣಿಯಲ್ಲಿ ಮಾಡಿದ ಪಾಂಡವರನ್ನು ಕೂರಿಸಿದರೆ ಅವರ ತಲೆಗೆ ಈ ಹೂವೇ ಆಗಬೇಕು. ಒಂದು ಹಬ್ಬಕ್ಕೆ ತಮ್ಮ ಬನಹಟ್ಟಿಯಿಂದ ಹಳದಿ ಪ್ಲಾಸ್ಟಿಕ್ ಹೂ ತಂದ. ಸಗಣಿಯ ಮೇಲೆ ಪ್ಲಾಸ್ಟಿಕ್! ಅವ್ವ ಅದನ್ನು ಕಸದ ಬುಟ್ಟಿಗೆ ಎಸೆದಳು.

ಆಮೇಲೆ ನಾನೇ ಬೀಳಗಿ ರಸ್ತೆಯ ಗುಡ್ಡದಿಂದ ಒಣಗಿದ ಕಾಯಿ ತಂದೆ. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಹಿತ್ತಲಲ್ಲಿ ಊರಿದೆ. ಒಂದೇ ಒಂದು ಗಿಡ ಉಳಿಯಿತು.

"ಬೇರು ಬಿಟ್ಟಮ್ಯಾಗ ನೀರ ಹಾಕಬ್ಯಾಡಪಾ. ಅದರ ಪಾಡಿಗೆ ಅದನ್ನ ಬಿಡು," ಎಂದಳು ಅವ್ವ.

ಎರಡನೆಯ ವರ್ಷ ಗಿಡ ಎದೆಯೆತ್ತರವಾಗಿ ಮೊಗ್ಗು ಹಿಡಿಯಿತು. ಅವ್ವ ದಿನಾ ಸಂಜೆ ಮೊಗ್ಗು ಎಣಿಸುತ್ತಿದ್ದಳು. ಆದರೆ ಹಬ್ಬ ಹತ್ತಿರ ಬಂದಂತೆ ಎಲೆ ಹಳದಿಯಾಗಿ ಮೊಗ್ಗು ಉದುರತೊಡಗಿದವು. ಪಾಡ್ಯದ ಹಿಂದಿನ ದಿನ ಹಬ್ಬಕ್ಕೆಂದು ಬಂದ ತಮ್ಮ ಅದನ್ನು ನೋಡಿ, ಹೇಳದೆ ಕೇಳದೆ ಪೈಪು ಹಚ್ಚಿ ಬುಡದ ಸುತ್ತ ಕೆರೆ ಮಾಡಿಬಿಟ್ಟ. ಮೇಲೊಂದು ಹಿಡಿ ಯೂರಿಯಾ ಬೇರೆ!

"ಪಾಪ, ಒಣಗಾಕತ್ತಿತ್ತಣ್ಣಾ," ಎಂದ.

ಮರುದಿನ ಬೆಳಿಗ್ಗೆ ಗಿಡ ವಾಲಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ಬದು ಬೋಳಿಸಿದ್ದು, ಪ್ಲಾಸ್ಟಿಕ್ ತಂದದ್ದು, ಎಲ್ಲವನ್ನೂ ಎತ್ತಿ ಅವನನ್ನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ನಿಂತ.

ಅವ್ವ ಗಿಡವನ್ನು ಹಿಡಿದು ಎಳೆದಳು. ಕೊತ್ತಂಬರಿ ಕಿತ್ತಷ್ಟು ಸುಲಭವಾಗಿ ಬಂತು. ಬೇರು ಕಪ್ಪಗಾಗಿ ಲೋಳೆಲೋಳೆಯಾಗಿತ್ತು, ಗಬ್ಬು ನಾರುತ್ತಿತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಒಂದ ರಾತ್ರಿಗೆ ಬೇರು ಇಷ್ಟು ಕೊಳೀತೈತೇನಲೇ? ನಾ ಜಳಕಕ್ಕ ಹ್ವಾದಾಗೆಲ್ಲಾ ನೀ ಕೊಡ ತಗೊಂಡು ಹಿತ್ತಲಕ್ಕ ಹೋಗೂದು ನನಗ ಕೇಳ್ಸತಿರಲಿಲ್ಲಂತ ತಿಳದೀಯೇನು?"

ಹೌದು, ಹೂ ಹೆಚ್ಚು ಬರಲೆಂದು ತಿಂಗಳಿಂದ ದಿನಾ ಒಂದು ಕೊಡ ಸುರಿದವನು ನಾನೇ. ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಆ ವರ್ಷ ಪಾಂಡವರು ಬೋಳುತಲೆಯಲ್ಲೇ ಕೂತರು.