ಬೆಚ್ಚಗಿದ್ದ ಗೋಡೆ

ವೈರಿಂಗ್ ಮೇಸ್ತ್ರಿಗೆ ಮೂವತ್ತು ವರ್ಷದ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ, ಕಿಟಕಿಯಲ್ಲಿ ಏಸಿ ಓಡುತ್ತಿದ್ದರೆ ಅದರ ಸಾಕೆಟ್ಟಿನ ಪಕ್ಕದ ಗೋಡೆಗೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದ.

ಆ ಮಧ್ಯಾಹ್ನ ಅಕ್ಕನ ಮನೆಯಲ್ಲಿ, ಹದಿನೈದು ದಿನದ ಮೊಮ್ಮಗು ಮಲಗಿದ್ದ ಕೋಣೆಯ ಗೋಡೆ ಬೆಚ್ಚಗಿತ್ತು. ಹೊಸ ಏಸಿಯನ್ನು ಟೇಬಲ್ ಫ್ಯಾನಿನ ಹಳೆಯ ಸಾಕೆಟ್ಟಿಗೇ ಸಿಕ್ಕಿಸಿದ್ದರು.

"ಅಕ್ಕಾ, ಇದರ ವೈರು ತೆಳು. ಏಸಿಗೆ ಬೋರ್ಡಿಂದ ಬೇರೆ ದಪ್ಪ ವೈರು ಎಳೀಬೇಕು. ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಗೋಡೆ ಒಡೀತೀಯ, ಮಗು ಇರೋ ಮನೇಲಿ ಧೂಳು! ಹಗ್ಗ ಕಂಡ್ರೂ ಹಾವು ಅಂತೀಯಲ್ಲೋ," ಅಕ್ಕ ನಕ್ಕಳು.

"ಬ್ರೇಕರ್ ಟ್ರಿಪ್ ಆಗಿ ಕರೆಂಟು ಕಟ್ ಆಗ್ತಿಲ್ವಾ?"

"ಮೊದಲು ಗಳಿಗೆಗೊಂದ್ಸಲ ಆಗ್ತಿತ್ತು. ನಿಮ್ಮ ಭಾವ ದೊಡ್ಡ ಬ್ರೇಕರ್ ತಂದು ಹಾಕಿದ್ರು ನೋಡು, ತೆಪ್ಪಗಾಯ್ತು."

ವೈರು ಕಾದಾಗ ಕೂಗಿ ಹೇಳುವ ಕಾವಲುಗಾರನ ಬಾಯನ್ನೇ ಭಾವ ಕಟ್ಟಿಹಾಕಿದ್ದರು. ಮೇಸ್ತ್ರಿ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ.

"ಸೆಕೆಗೆ ಕೂಸು ಎದ್ದುಬಿಡುತ್ತೋ!" ಅಕ್ಕ ರೇಗಿದಳು.

ಏಸಿಯ ಗಾಳಿ ನಿಂತ ಮೇಲೆ, ಅಷ್ಟು ದಿನ ಯಾರ ಮೂಗಿಗೂ ಬಡಿಯದಿದ್ದ ಸುಟ್ಟ ರಬ್ಬರಿನ ವಾಸನೆ ತೊಟ್ಟಿಲ ಹಿಂದಿನ ಗೋಡೆಯಿಂದ ಮೆಲ್ಲಗೆ ಹರಡತೊಡಗಿತು. ಅಕ್ಕನ ಮುಖದ ಸಿಟ್ಟು ಇಂಗಿತು.

"ಬಯ್ಯೋದು ಆಮೇಲೆ ಬಯ್ಯಿ. ಮೊದಲು ಮಗೂನ ಎತ್ಕೊಂಡು ಹೊರಗೆ ನಡಿ," ಎಂದ ಮೇಸ್ತ್ರಿ.