ಓಕ್ ಕುರ್ಚಿಯ ಕಪ್ಪು ಕಾಯ್ದ ಸಿಲ್ವೆಸ್ಟರ್

ಬೆಳಗಿನ ಐದು ಗಂಟೆ. ಕೊಲ್ಲಿ ನಾಡಿನ ಅರ್ದಿಯಾದ ಗೋದಾಮಿನ ಮೂಲೆಯಲ್ಲಿ ಬಡಗಿ ಸಿಲ್ವೆಸ್ಟರ್ ಮಸ್ಕರೇನ್ಹಸ್ ಒಂದು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಇಂಗ್ಲೆಂಡಿನ ಓಕ್ ಮರದ್ದು. ಸ್ಟುವರ್ಟ್ ರಾಜರ ಆಳ್ವಿಕೆಯ ಮೊದಮೊದಲ ವರ್ಷಗಳದ್ದು. ನಾನೂರು ವರ್ಷಗಳ ಕೈಜಿಡ್ಡು, ಹೊಗೆ, ಮೇಣ ಸೇರಿ ಕಾವಲಿಯಂತೆ ಕಪ್ಪಾಗಿದೆ. ಅವರ ಕೈಯಲ್ಲಿರುವುದು ಮೆತ್ತನೆಯ ಬಟ್ಟೆ ಮಾತ್ರ.

"ಎಂತ ಸಿಲ್ವೆಸ್ಟರಣ್ಣ, ಅದರ ಎದುರು ನೊವೇನ ಪ್ರಾರ್ಥನೆ ಮಾಡ್ತಿದ್ದೀರಾ?" ಪಾಲಿಶ್ ಕೆಲಸದ ಕಾಂತಪ್ಪ ಕೆಣಕುತ್ತಾರೆ. "ಮಷಿನ್ ಹಿಡೀರಿ. ಹತ್ತಕ್ಕೆ ಬಾಬಾ ಬರ್ತಾರೆ."

ಬಾಬಾ ಎಂದರೆ ಗೋದಾಮಿನ ಯಜಮಾನ, ಸಿಲ್ವೆಸ್ಟರ್ ಅವರಿಗೆ ವೀಸಾ ಕೊಟ್ಟ ಕಫೀಲ್. ಕುರ್ಚಿಯೂ ಹೋದ ವರ್ಷದ ಓಕ್ ಪೆಟ್ಟಿಗೆಯ ಹಾಗೆ ಹೊಳೆಯಬೇಕು ಎಂಬುದು ಅವರ ಅಪ್ಪಣೆ.

ಆ ಪೆಟ್ಟಿಗೆಯೇ ಸಿಲ್ವೆಸ್ಟರ್ ಅವರನ್ನು ಕೊರೆಯುತ್ತಿರುವುದು. ತಮ್ಮೂರು ಶಿರ್ವದಿಂದ 1993ರಲ್ಲಿ ಬಂದವರು. ಹದಿನೆಂಟು ವರ್ಷಗಳಿಂದ ದಿನಕ್ಕೆ ಹನ್ನೊಂದು ಗಂಟೆಯ ದುಡಿಮೆ. ಊರಿನಲ್ಲಿ ಮದುವೆಗೆ ಮುನ್ನ ಮಂಚ, ಕುರ್ಚಿ, ಮನೆಯ ದೇವರ ಆಲ್ತಾರುಗಳನ್ನೆಲ್ಲ ಉಜ್ಜಿ ಹೊಸದರಂತೆ ಮಾಡುವುದೇ ಹಳೆಯ ಮರಕ್ಕೆ ಬಡಗಿ ಕೊಡುವ ಮರ್ಯಾದೆ. ಪೆಟ್ಟಿಗೆಗೂ ಅದನ್ನೇ ಕೊಟ್ಟರು. ಮೂರು ದಿನ, ನಲವತ್ತು ಹಾಳೆ ಪಾಲಿಶ್ ಪೇಪರ್. ಬಾಬಾ ಬೆನ್ನು ತಟ್ಟಿದರು. ತಿಂಗಳ ನಂತರ ಅತಿಥಿಯಾಗಿ ಬಂದ ವಯಸ್ಸಾದ ಇಂಗ್ಲಿಷ್ ಹೆಂಗಸೊಬ್ಬರು ಅದರ ಮೇಲೆ ಕೈಯಾಡಿಸಿ, ಸಿಲ್ವೆಸ್ಟರ್ ಅವರಿಗಷ್ಟೇ ಕೇಳುವಂತೆ ಹೇಳಿದರು: ಆ ಕಪ್ಪೇ ಅದರ ವಯಸ್ಸು, ಇನ್ನು ಮರಳುವುದಿಲ್ಲ.

"ಪಾಪ, ಆ ಹೆಂಗಸು ಬೈಯಲಿಲ್ಲ. ಬೈದಿದ್ರೆ ಒಳ್ಳೇದಿತ್ತು. ಬಾಬಾನಿಗೆ ನಾನೂ ಹೇಳ್ಲಿಲ್ಲ. ಇಲ್ಲಿರುವ ಪರವಾನಗಿ, ಇಕಾಮಾ, ಅವರ ಕೈಲಲ್ವಾ?" ಎನ್ನುತ್ತಾರೆ ಸಿಲ್ವೆಸ್ಟರ್.

ಕುರ್ಚಿ ಉಳಿಯಬೇಕಾದರೆ ಈಗ ಅದನ್ನೇ ಹೇಳಬೇಕು.

ಹತ್ತಕ್ಕೆ ಬಂದ ಬಾಬಾ ಹುಬ್ಬೇರಿಸುತ್ತಾರೆ. "ಇನ್ನೂ ಆಗಿಲ್ವಾ? ಯಲ್ಲಾ, ಬೇಗ!"

"ಇದರ ಕೆಲಸ ಇಷ್ಟೇ ಬಾಬಾ. ಧೂಳು ತೆಗೆದೆ, ಮೇಣ ಹಚ್ಚಿದೆ. ಆ ಪೆಟ್ಟಿಗೆಯನ್ನು ಹಾಳು ಮಾಡಿದ್ದು ನಾನು. ಆಗ ಗೊತ್ತಿರಲಿಲ್ಲ."

ಕಾಂತಪ್ಪನ ಮಷಿನ್ ನಿಲ್ಲುತ್ತದೆ. ಬಾಬಾ ಕುರ್ಚಿಯ ತೋಳಿನ ಮೇಲೆ ನಿಧಾನವಾಗಿ ಬೆರಳಾಡಿಸುತ್ತಾರೆ.

"ಖಲಾಸ್. ಇದನ್ನು ಹೀಗೇ ನನ್ನ ಮನೆಗೆ ಕಳಿಸು. ನಾಳೆಯಿಂದ ನೀನು ಪ್ಯಾಕಿಂಗಿಗೆ."

ಅವರು ಹೋದ ಮೇಲೆ ಕಾಂತಪ್ಪ ತಲೆ ಚಚ್ಚಿಕೊಳ್ಳುತ್ತಾರೆ. "ಬಾಯಿ ಮುಚ್ಚಿ ಕೂತಿದ್ರೆ ಆಗ್ತಿತ್ತಲ್ಲ ಮಾರಾಯ್ರೆ!"

ಸಿಲ್ವೆಸ್ಟರ್ ತಾವೇ ಕುರ್ಚಿಗೆ ಕಂಬಳಿ ಸುತ್ತಿ ವ್ಯಾನಿಗೆ ಏರಿಸುತ್ತಾರೆ.

"ಪ್ಯಾಕಿಂಗ್ ಹಲಗೆಗೆ ಮೊಳೆ ಹೊಡೆಯುದು ಕೂಡ ಬಡಗಿ ಕೆಲಸವೇ. ಆ ಓಕ್ ಪೆಟ್ಟಿಗೆಗೆ ಇನ್ನು ಎಂತ ಮಾಡಿದ್ರೂ ಅದರ ಪ್ರಾಯ ವಾಪಸ್ ಬರುದಿಲ್ಲ. ಈ ಕುರ್ಚಿಯದ್ದು ನನ್ನ ಕೈಯಿಂದ ಇದ್ದ ಹಾಗೇ ಹೋಯ್ತು."