ಖಾಲಿ ಹರಳಿನ ನೆಂಟ

ಪ್ರಯೋಗಾಲಯದಲ್ಲಿ ಗ್ರಾಫಕ್ಕನ ಕೆಲಸ ಹರಳು ಕಾಯಿಸುವುದು. ಸಾಸಿವೆಯಷ್ಟು ಹರಳನ್ನು ಪುಟ್ಟ ಅಲ್ಯೂಮಿನಿಯಂ ತಟ್ಟೆಗೆ ಹಾಕಿ, ಯಂತ್ರದ ಒಲೆಯಲ್ಲಿಟ್ಟು, ಪರದೆಯ ಮೇಲೆ ಓಡುವ ಗ್ರಾಫಿನ ಗೆರೆ ನೋಡುತ್ತ ಕೂರಬೇಕು. ಆ ಪ್ರಯೋಗಾಲಯದ ಹರಳುಗಳೋ, ಒಳಗೆ ಕೋಣೆ ಕೋಣೆ ಇರುವಂಥವು. ಕೋಣೆಗೊಂದು ಹೊರಗಿನ ಅಣು. ಅದನ್ನು ಎಲ್ಲರೂ ನೆಂಟ ಎನ್ನುತ್ತಿದ್ದರು. ಶಾಖ ಏರಿದಂತೆ ನೆಂಟ ಜಾಗ ಖಾಲಿ ಮಾಡುತ್ತಾನೆ, ಗೆರೆ ಉಬ್ಬುತ್ತದೆ. ಖಾಲಿಯಾದ ಹರಳು ತನ್ನ ಜೋಡಣೆಯನ್ನೇ ಬದಲಿಸಿಕೊಂಡು, ಕೊನೆಗೆ ಕರಗುತ್ತದೆ.

ಮೊದಲು ಆ ಕುರ್ಚಿಯಲ್ಲಿದ್ದವನು ಅವಳ ಗಂಡ. ಅವನು ಸತ್ತ ಮೇಲೆ ಕೆಲಸ ಇವಳಿಗೆ ಬಂತು, ಅವನ ಬಿಳಿ ಕೋಟೂ ಬಂತು. ತೋಳು ಮಡಚಿ ಅದನ್ನೇ ತೊಡುತ್ತಿದ್ದಳು. ಸಂಜೆ ಮನೆಗೊಯ್ದು, ಹುಳ ಹಿಡಿಯದಿರಲೆಂದು ನುಸಿಗುಳಿಗೆ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಒಗೆಯಲು ಮಾತ್ರ ಮನಸ್ಸು ಬರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ನೆಂಟನನ್ನು ಪೂರ್ತಿ ಹೊರಗಟ್ಟಿದ ಹರಳಿನಲ್ಲೂ ಉಬ್ಬು ಕಾಣತೊಡಗಿತು. ಒಲೆ ಸುಟ್ಟು ಶುದ್ಧ ಮಾಡಿದರು, ತಟ್ಟೆ ಬದಲಿಸಿದರು, ಊಹುಂ. ಅವಳು ರಜೆ ಹಾಕಿದ ದಿನ ಗೆರೆ ನೇರ, ಅವಳು ಕೂತರೆ ಉಬ್ಬು.

"ಅಕ್ಕಾ, ಭಾವ ಬಂದು ಕೂತಿದ್ದಾರೆ" ಎಂದು ವಿದ್ಯಾರ್ಥಿಗಳು ತಮಾಷೆ ಮಾಡಿದರು. ಅವಳು ನಗಲಿಲ್ಲ. ಉಬ್ಬು ಕಂಡೊಡನೆ ಮೆಲ್ಲಗೆ "ಬಂದ್ರಾ" ಎನ್ನುತ್ತಿದ್ದಳು. ಮೈ ಜುಮ್ಮೆನ್ನುತ್ತಿತ್ತು; ಆದರೂ ಆ ಹೆದರಿಕೆ ಅವಳಿಗೆ ಬೇಕಿತ್ತು.

ಒಂದು ಮಧ್ಯಾಹ್ನ ಕೋಟಿನ ವಾಸನೆಯ ಮೇಲೆ ಅನುಮಾನ ಬಂದು, ಖಾಲಿ ಹರಳನ್ನು ನುಸಿಗುಳಿಗೆಯ ಚೂರಿನ ಜೊತೆ ಮುಚ್ಚಿಟ್ಟು, ಆಮೇಲೆ ಕಾಯಿಸಿದಳು. ಅದೇ ಜಾಗದಲ್ಲಿ ಅದೇ ಉಬ್ಬು. ಕೋಟಿನ ವಾಸನೆಯೇ ಹೋಗಿ ಖಾಲಿ ಕೋಣೆಗಳಲ್ಲಿ ಬಿಡಾರ ಹೂಡಿತ್ತು. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ತಪ್ಪು ಎನ್ನುತ್ತೀರಾ? ಎನ್ನಿ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಎರಡನ್ನೂ ಬಿಡಲಾರದವರು ನಮ್ಮಲ್ಲಿ ಅವಳೊಬ್ಬಳೇ ಏನಲ್ಲ.

ಕೊನೆಗೆ ಪ್ರಯೋಗಾಲಯದ ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂತರು. "ಈ ಉಬ್ಬು ಯಾಕೆ ಅಂತ ಗೊತ್ತಾಗ್ದಿದ್ರೆ ಹುಡುಗರು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಕಣಮ್ಮ."

ಅವಳು ತಲೆ ತಗ್ಗಿಸಿದಳು. "ನನ್ನ ಕೋಟು ಸರ್. ಅದರಲ್ಲಿರೋ ನುಸಿಗುಳಿಗೆ ವಾಸನೆ."

"ಯಾವಾಗ ಗೊತ್ತಾಯ್ತು?"

"ಆಗ್ಲೇ ಗೊತ್ತಾಗಿತ್ತು. ಹೇಳಿದ್ರೆ ಅವರು ಹೋಗ್ಬಿಡ್ತಾರೆ ಅಂತ ಸುಮ್ನಿದ್ದೆ."

ಅವಳು ಕೋಟು ಬಿಚ್ಚಿ ಹೊರಗಿಟ್ಟು, ಕೈ ತೊಳೆದು, ಹೊಸ ಹರಳು ಹಾಕಿದಳು. ಗೆರೆ ಆ ಜಾಗವನ್ನು ನೇರವಾಗಿ ದಾಟಿಹೋಯಿತು. "ಸದ್ಯ" ಎಂದು ಮೇಷ್ಟ್ರು ಉಸಿರುಬಿಟ್ಟರು. ಹೆಣದ ಮುಂದೆಯೂ ಅಳದಿದ್ದ ಹೆಂಗಸು ಅಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ಗಂಡ ಸತ್ತನೆಂದು ಅತ್ತಳು.